ಮಕ್ತಲಿನ ಫಾರಿನ್ ಸೊಸೆ

ದುಬೈ, ಮಸ್ಕತ್ತಿಗೆ ಹೋಗಿ ಬಂದವರು ತೆಲುಗು ಸೀಮೆಯ ಅಂಚಿನ ನಮ್ಮ ಮಕ್ತಲಿನಲ್ಲಿ ಓಣಿಗೊಬ್ಬರಿದ್ದಾರೆ. ಅಲ್ಲಿಯ ಬಿಸಿಲು, ಅಲ್ಲಿಯ ಕಾನೂನು, ಅಲ್ಲಿ ಪಟ್ಟ ಪಾಡು ಅಂತ ಶುರು ಮಾಡಿದರೆ ಚಹಾ ಆರಿ ತಣ್ಣಗಾದರೂ ಮಾತು ಮುಗಿಯುವುದಿಲ್ಲ. ನಾನು ಹೂಂಗುಟ್ಟುತ್ತ ಕೂತಿರುತ್ತೇನೆ. ಹೊರದೇಶದಲ್ಲಿ ಬಾಳುವ ಕಷ್ಟವನ್ನು ನಾನೂ ಕಣ್ಣಾರೆ ಕಂಡಿದ್ದೇನೆ, ವಿಮಾನ ಹತ್ತದೆಯೇ ಕಂಡಿದ್ದೇನೆ. ನಾನು ನೋಡಿದ ಹೊರದೇಶ ಮಕ್ತಲೇ. ಯಾಕೆಂದರೆ ನನ್ನ ಸೊಸೆ ಫಿಲಿಪೀನ್ಸಿನವಳು.

ಮಗ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಏಸಿ ರಿಪೇರಿ ಮಾಡುತ್ತಿದ್ದ. ಅವಳು ಅಲ್ಲಿಯ ಲ್ಯಾಬಿನಲ್ಲಿದ್ದಳು. ಮದುವೆಯಾದ ಮೇಲೆ ಅವನಿಗೆ ಗದ್ವಾಲದ ಹತ್ತಿಬೀಜದ ಗೋದಾಮಿನಲ್ಲಿ ಕೂಲಿಂಗ್ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಇಬ್ಬರೂ ಊರಿಗೆ ಬಂದರು. ಅವನು ಬೆಳಿಗ್ಗೆ ಗದ್ವಾಲಕ್ಕೆ ಹೋದರೆ ಕತ್ತಲಾದ ಮೇಲೆಯೇ ಮನೆ ಕಾಣುತ್ತಿದ್ದದ್ದು. ಕುರುಬರ ಮನೆಯ ಅತ್ತೆ, ಸಮುದ್ರದ ದಂಡೆಯ ಸೊಸೆ, ಇಬ್ಬರೇ ಉಳಿಯುತ್ತಿದ್ದೆವು.

ಮೊದಲ ಜಗಳ ನೀರಿನದು. ನಮ್ಮಲ್ಲಿ ನಳ ತನಗೆ ಮನಸ್ಸು ಬಂದಾಗ ಬರುತ್ತದೆ, ಅದು ನಮಗೆ ಅಭ್ಯಾಸ. ಅವಳು ತಲೆಗೆ ಶಾಂಪೂ ಹಚ್ಚಿಕೊಂಡು ನಿಂತಾಗಲೇ ಬಚ್ಚಲಿನ ನೀರು ನಿಂತುಹೋಯಿತು. ನೊರೆ ಮೆತ್ತಿದ ತಲೆಯಲ್ಲೇ ಹೊರಗೆ ಬಂದು ತನ್ನ ಭಾಷೆಯಲ್ಲಿ ಏನೇನೋ ಅಂದಳು. ಬೈಗುಳ ಅಂತ ಗೊತ್ತಾಗಲು ಭಾಷೆ ಬರಬೇಕಿಲ್ಲ. ನಾನು ಪಕ್ಕದ ಮನೆಯಿಂದ ಎರಡು ಕೊಡ ತಂದು ಸುರಿದೆ. ಮರುದಿನದಿಂದ ಅವಳು ಮನೆಯಲ್ಲಿದ್ದ ಬಕೆಟ್ಟು, ಡಬರಿ, ಹಳೆಯ ಎಣ್ಣೆ ಡಬ್ಬಿ ಎಲ್ಲವನ್ನೂ ತುಂಬಿಸಿಡತೊಡಗಿದಳು. ನೀರಿನ ಡಬ್ಬಿ ಎಡವದೆ ನಾನು ಹಿತ್ತಲಿಗೆ ಹೋಗುವ ಹಾಗಿರಲಿಲ್ಲ.

ಆಮೇಲೆ ‘ನಾಳೆ’. ಬಡಗಿ ‘ನಾಳಿಗೆ ಬರ್ರಿ’ ಅಂದರೆ ಅವನ ಅರ್ಥ ‘ಈಗ ಹೋಗ್ರಿ’ ಅಂತ. ಇದು ನಮಗೆ ಹಾಲು ಕುಡಿಯುವ ವಯಸ್ಸಿನಿಂದ ಗೊತ್ತು. ಇವಳು ಮರುದಿನ ಬೆಳಿಗ್ಗೆ ಬಡಗಿ ಬಾಗಿಲು ತೆಗೆಯುವ ಮೊದಲೇ ಅಲ್ಲಿ ನಿಂತಿದ್ದಳು. ಅದರ ಮರುದಿನವೂ ನಿಂತಳು. ಕೊನೆಗೆ ಅವನು ಇವಳ ಕಾಟಕ್ಕೆ ಬೇಸತ್ತು ಕಪಾಟು ಮಾಡಿಕೊಟ್ಟ. ಹೇಳಿದ ಮಾತಿಗೆ ಆ ಬಡಗಿ ನಡೆದುಕೊಂಡದ್ದು ಅದೇ ಮೊದಲು. ನಾನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಅವಳ ಫೋನಿನ ಸಿಮ್ಮು ಮಗನ ಹೆಸರಿನಲ್ಲಿ, ಗ್ಯಾಸು ನನ್ನ ಹೆಸರಿನಲ್ಲಿ. ಬ್ಯಾಂಕಿಗೆ ಹೋದರೆ ಇವಳ ಕಾಗದಗಳಲ್ಲಿ ದಿನಕ್ಕೊಂದು ಕೊರತೆ. ಸ್ವಂತ ದುಡಿದು ತಿಂದವಳು ಒಂದು ಪೊಟ್ಟಣ ಕಾಫಿಪುಡಿಗೂ ನಮ್ಮ ಕೈ ನೋಡಬೇಕಾಯಿತು. ಅದಕ್ಕಿಂತ ಹೆಚ್ಚು ಅವಳನ್ನು ಸುಟ್ಟದ್ದು ಅಂಗಡಿಯವರ ಮಾತು. ಎದುರಿಗೆ ಇವಳು ನಿಂತಿದ್ದರೂ ‘ಫಾರಿನ್ ಸೊಸೀಗೆ ಏನ್ ಬೇಕಂತ ಕೇಳ್ರಿ’ ಅಂತ ನನ್ನನ್ನು ಕೇಳುವರು. ‘ನೇಪಾಳದಾಕೀ ಏನ್ರಿ?’ ಅನ್ನುವರು. ಒಂದು ದಿನ ಇವಳಿಗೆ ತಡೆಯಲಿಲ್ಲ.

“ನನ್ನ ಕೇಳ್ರಿ! ಬಾಯಿ ನಂದು ಇಲ್ಲೇ ಐತಿ!”

ಅಂಗಡಿಯವನು ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟ. ನನಗೆ ಎದೆ ಉಬ್ಬಿತು. ಮನೆಗೆ ಬಂದ ಮೇಲೆ ಅಕ್ಕಿ ಮರೆತು ಬಂದದ್ದು ನೆನಪಾಯಿತು.

ಅವಳಿಗೆ ಕನ್ನಡ ನಾನೇ ಕಲಿಸಬೇಕು ಅಂತ ಮೊದಲಿನಿಂದ ನನಗಿತ್ತು. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು, ಸ್ಲೇಟು ಬಳಪ ಸಮೇತ ಸಿದ್ಧಳಾಗಿದ್ದೆ. ಅವಳು ನನ್ನ ಸ್ಲೇಟು ಬಿಟ್ಟು ಸಂತೆಯಲ್ಲಿ ಕಲಿತಳು. ನಮ್ಮ ಸಂತೆಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಒಂದೇ ಬುಟ್ಟಿಯಲ್ಲಿರುತ್ತವೆ. ಅವಳು ಅದೆಲ್ಲವೂ ಒಂದೇ ಭಾಷೆ ಅಂದುಕೊಂಡಳು. ‘ಇದು ಎಂತರಿ? ಅಷ್ಟು ನಕ್ಕೋ, ಕಮ್ಮಿ ಮಾಡಾಕ ಆಗಲ್ಲೇನ್ರಿ?’ ಅಂತ ತೆಲುಗಿನ ‘ಎಷ್ಟು’, ದಖನಿಯ ‘ಬೇಡ’ ಎಲ್ಲ ಬೆರೆಸಿ ಬದನೆಕಾಯಿ ಚೌಕಾಸಿ ಮಾಡುವಳು. ಗೌರವಕ್ಕೆ ‘ರಿ’ ಹಚ್ಚಬೇಕು ಅಂತ ನಾನು ಹೇಳಿದ್ದೇ ತಡ, ಹಿತ್ತಲಿನ ಮೇಕೆಗೂ ‘ಬರ್ರಿ, ತಿನ್ರಿ’ ಶುರುವಾಯಿತು. ಮೇಕೆಗೆ ಇಷ್ಟು ಮರ್ಯಾದೆ ನಮ್ಮ ವಂಶದಲ್ಲಿ ಯಾರೂ ಕೊಟ್ಟಿರಲಿಲ್ಲ.

ಇದನ್ನೆಲ್ಲ ನಗುತ್ತ ದಾಟಿದೆವು. ನಗಲಾಗದ್ದು ಒಂದೇ ಇತ್ತು. ಅವಳು ಇಲ್ಲಿರಲು ಕೊಟ್ಟ ಅನುಮತಿಯ ಅವಧಿ ಮುಗಿಯುತ್ತ ಬಂದಿತ್ತು. ಮುಂದುವರಿಸದಿದ್ದರೆ ಅವಳು ದೇಶ ಬಿಡಬೇಕು. ಅದಕ್ಕಾಗಿ ನಾವಿಬ್ಬರೂ ನಾರಾಯಣಪೇಟೆಯ ಜಿಲ್ಲಾ ಕಚೇರಿಗೆ ಬಸ್ಸಿನಲ್ಲಿ ಓಡಾಡಿದೆವು. ಫೋಟೋದ ಹಿಂದೆ ಬಿಳಿ ಪರದೆ ಇರಬೇಕು, ಮನೆಯ ವಿಳಾಸ ಇಂಥ ರೀತಿಯಲ್ಲೇ ಇರಬೇಕು. ‘ಬೇವಿನಮರದ ಎದುರಿನ ಮನೆ’ ಅಂದರೆ ಕಂಪ್ಯೂಟರು ಒಪ್ಪುವುದಿಲ್ಲ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವಳು ಕಾಗದಗಳ ಚೀಲ ತೊಡೆಯ ಮೇಲೆ ಹಿಡಿದು ಕೂತಿರುತ್ತಿದ್ದಳು. ‘ಹೋಗು ಅಂದ್ರ ಹೋಗಬೇಕೇನ್ರಿ?’ ಅಂತ ಒಮ್ಮೆ ಕೇಳಿದಳು. ನಾನು ‘ಯಾರ್ ಹೋಗು ಅಂತಾರ ನೋಡ್ತೀನಿ’ ಅಂತ ಜಂಬ ಕೊಚ್ಚಿದೆ. ಒಳಗೆ ನನಗೂ ಭಯವಿತ್ತು.

ಕಡೆಗೆ ಅವಳು ನಿಜವಾಗಿಯೂ ಇಲ್ಲೇ ಸಂಸಾರ ಮಾಡಿಕೊಂಡಿದ್ದಾಳೋ ಎಂದು ನೋಡಲು ಅಧಿಕಾರಿಯೊಬ್ಬರು ಮನೆಗೇ ಬಂದರು. ಕೋಸಗಿ ಕಡೆಯವರು, ತೆಲುಗರು, ನಮ್ಮ ಮಾತೂ ಬಲ್ಲವರು. ಮಗ ಗದ್ವಾಲದಲ್ಲಿದ್ದ. ಮೊದಲು ಇಂಗ್ಲಿಷಿನಲ್ಲಿ ಒಂದೆರಡು ಮಾತು ಕೇಳಿ, ಆಮೇಲೆ ಪರೀಕ್ಷೆ ಮಾಡುವ ಹಾಗೆ ನಮ್ಮ ಮಾತಿಗಿಳಿದರು.

“ಇವತ್ತ ಏನ್ ಅಡಗಿರಿ?”

“ಪುಂಡಿಪಲ್ಯಾ, ಜ್ವಾಳದ ರೊಟ್ಟಿ ಐತ್ರಿ. ರೊಟ್ಟಿ ಅತ್ತಿ ಮಾಡ್ಯಾಳ. ನಾ ಮಾಡಿದ್ರ ಹರಿತೈತಿ.”

“ನಳ ಯಾವಾಗ ಬರ್ತೈತಿ?”

“ಅದು ಅದಕ್ಕ ಗೊತ್ರಿ.”

ಅವರು ಜೋರಾಗಿ ನಕ್ಕರು. ಗೆದ್ದೆವು ಅಂದುಕೊಂಡು ನಾನು ಚಹಾಕ್ಕೆ ಎದ್ದೆ. ಅವರು ಫೈಲು ತೊಡೆಯ ಮೇಲಿಟ್ಟುಕೊಂಡು, ಇದೊಂದು ಕೇಳಬೇಕಲ್ಲ ಅನ್ನುವ ಹಾಗೆ ಕೇಳಿದರು.

“ನೀವು ಪರದೇಶಿ, ಹೌದಲ್ರಿ?”

“ಅಲ್ಲರಿ,” ಅಂದಳು ಸೊಸೆ.

ಅವರು ತಲೆಯೆತ್ತಿದರು. “ಅಲ್ಲಾ? ಪಾಸ್‌ಪೋರ್ಟ್ ಆ ದೇಶದ್ದು ಐತಲ್ಲ?”

“ಪಾಸ್‌ಪೋರ್ಟ್ ಅಲ್ಲೀದು ಐತ್ರಿ. ನಾ ಪರದೇಶಿ ಅಲ್ಲ.” ಅವಳ ಮುಖ ಕೆಂಪಾಗಿತ್ತು.

ಒಂದು ‘ಹೌದು’ ಅಂದರೆ ಮುಗಿಯುವ ಕಡೆ ಇವಳು ಹಟ ಹಿಡಿದಿದ್ದಳು. ನಾನು ಬಾಯಿ ಹಾಕಲು ಹೋದರೆ ಅವರು ಕೈಯೆತ್ತಿ ತಡೆದರು. “ನೀವು ಸುಮ್ಕಿರ್ರಿ ಟೀಚರಮ್ಮ. ನಾ ಆಕಿನ್ನ ಕೇಳಾಕತ್ತೀನಿ.”

“ಪರದೇಶಿ ಅಂದ್ರ ಯಾರೂ ಇಲ್ಲದಾಕಿ,” ಅವಳು ಒಂದೊಂದೇ ಮಾತು ಹುಡುಕಿ ಹೇಳಿದಳು. “ನನಗ ಗಂಡ ಅದಾನ್ರಿ. ಅತ್ತಿ ಇಲ್ಲೇ ನಿಂತಾಳ, ನೋಡ್ರಿ.”

ಆಗ ನನಗೆ ತಿಳಿಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ಕೂರುವ ಒಬ್ಬ ಮುದುಕಿಗೆ ನಾನು ಇವಳ ಕೈಯಲ್ಲಿ ರೊಟ್ಟಿ ಕಳಿಸುತ್ತೇನೆ. ‘ಪಾಪ, ಪರದೇಶಿ ಮುದುಕಿ, ಹಿಂದಿಲ್ಲ ಮುಂದಿಲ್ಲ’ ಅನ್ನುತ್ತಿರುತ್ತೇನೆ. ನಮ್ಮ ಬಾಯಲ್ಲಿ ಆ ಮಾತಿಗೆ ಹೊರದೇಶದವಳು ಅಂತಲೂ ಅರ್ಥವಿದೆ, ದಿಕ್ಕಿಲ್ಲದವಳು ಅಂತಲೂ ಇದೆ. ಅವಳಿಗೆ ಗೊತ್ತಿದ್ದದ್ದು ಎರಡನೆಯದು ಮಾತ್ರ.

ಅಧಿಕಾರಿಗೂ ಅದು ಅರ್ಥವಾಗಿತ್ತು. ಪೆನ್ನಿನ ತುದಿಯನ್ನು ಕಾಗದದ ಮೇಲೆ ಇಟ್ಟುಕೊಂಡೇ ಮೆಲ್ಲಗೆ ಕೇಳಿದರು.

“ಮತ್ತ ಇಲ್ಲಿ ಏನಂತ ಬರೀಲವ್ವ ನಾನು?”

“ಸೊಸಿ ಅಂತ ಬರೀರಿ.”

ಅವರು ನಗಲಿಲ್ಲ. ಏನನ್ನೋ ಬರೆದು ಫೈಲು ಮುಚ್ಚಿದರು. “ನಾ ಚಲೋನೇ ಬರದು ಕಳಸ್ತೀನಿ, ಅನುಮತಿ ಬರ್ತೈತಿ, ಚಿಂತಿ ಮಾಡಬ್ಯಾಡ್ರಿ,” ಅಂದರು. ಚಪ್ಪಲಿ ಮೆಟ್ಟುತ್ತ ನನ್ನ ಕಡೆ ತಿರುಗಿದರು.

“ಟೀಚರಮ್ಮ, ಈಕಿ ನಿಮ್ಮ ಸೊಸೀನೇ ಹೌದಲ್ರಿ?”

“ಹೌದ್ರಿ,” ಅಂದೆ, ಇಡೀ ಓಣಿಗೆ ಕೇಳುವ ಹಾಗೆ.