ಗಿಡ್ಡ ತಿಜೋರಿ

ನಮ್ಮ ಮನೆತನದಲ್ಲಿ ಒಂದು ಜೋಡುನಳಿಗೆಯ ಬಂದೂಕಿದೆ. ಅದು ನನ್ನ ಹೆಸರಿನಲ್ಲಿದೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಸೀರೆ ನೋಡುತ್ತಾರೆ, ಕೊನೆಗೆ ನಗುತ್ತಾರೆ. ನಗಲಿ. ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತಳಾದ, ಮದುವೆಯಾಗದ, ಮೊಣಕಾಲು ನೋವಿನ ಹೆಂಗಸಿನ ಮನೆಯಲ್ಲಿ ಬಂದೂಕು ಇರುವುದು ನನಗೇ ಎಷ್ಟೋ ಸಲ ನಗು ತರಿಸುತ್ತದೆ.

ಅದು ಅಪ್ಪನದು. ಅಕ್ಕಲಕೋಟೆಯಲ್ಲಿ ಅವರದು ಕಾಳುಕಡಿಯ ಅಡತಿ ಅಂಗಡಿ ಇತ್ತು. ಸುಗ್ಗಿಯ ದಿನಗಳಲ್ಲಿ ರೊಕ್ಕದ ಚೀಲ ಹಿಡಿದು ಸೊಲ್ಲಾಪುರಕ್ಕೆ ಓಡಾಡಬೇಕಾಗುತ್ತಿದ್ದರಿಂದ ಲೈಸೆನ್ಸ್ ಮಾಡಿಸಿದ್ದರು. ನಾನು ಕಂಡಂತೆ ಅದರಿಂದ ಒಂದು ಕಾಗೆಯನ್ನೂ ಹೊಡೆದವರಲ್ಲ. ಆದರೆ ಅಮಾವಾಸ್ಯೆಗೊಮ್ಮೆ ಅಂಗಡಿ ಮುಚ್ಚಿದಾಗ ಪಡಸಾಲೆಯಲ್ಲಿ ಚಾಪೆ ಹಾಸಿ, ಬಂದೂಕು ಬಿಚ್ಚಿ, ಎಣ್ಣೆ ಸವರಿ, ಒರೆಸಿ ಮತ್ತೆ ಜೋಡಿಸುತ್ತಿದ್ದರು. ಅಣ್ಣ, ತಮ್ಮ ಇಬ್ಬರೂ ಆ ಹೊತ್ತಿಗೆ ಕ್ರಿಕೆಟ್ಟಿಗೆ ಓಡಿಹೋಗಿರುತ್ತಿದ್ದರು. ಪಕ್ಕದಲ್ಲಿ ಕೂತು ಹಳೆಯ ಧೋತರದ ತುಂಡು ಎತ್ತಿಕೊಡುವವಳು ನಾನು. ಹೀಗಾಗಿ ಬಿಚ್ಚಿ ಜೋಡಿಸುವುದು ನಮ್ಮ ಮೂವರಲ್ಲಿ ನನಗೊಬ್ಬಳಿಗೇ ಬಂತು.

ಅಪ್ಪ ತೀರಿದ ಮೇಲೆ ಅಂಗಡಿ ಅಣ್ಣನಿಗೆ ಹೋಯಿತು. ತಮ್ಮ ಸೊಲ್ಲಾಪುರದಲ್ಲಿ, ನಾನಿರುವ ಕಡೆಯಿಂದ ಊರಿನ ಇನ್ನೊಂದು ತುದಿಯಲ್ಲಿ, ಟವೆಲು, ಚಾದರಗಳ ಸಗಟು ವ್ಯಾಪಾರ ಹಿಡಿದಿದ್ದ. ಹಳೆಯ ಮನೆ ಮಾರಿ ಪಾಲು ಮಾಡಿಕೊಂಡೆವು. ಜಗಳವೇನೂ ಆಗಲಿಲ್ಲ, ಆಗಿದ್ದರೆ ಜಗಳಕ್ಕಾದರೂ ಆಗಾಗ ಬರುತ್ತಿದ್ದರೇನೋ. ಬಂದೂಕಿನ ಮಾತು ಬಂದಾಗ ಇಬ್ಬರೂ ಕೈ ಝಾಡಿಸಿದರು. "ಪೋಲೀಸ್ ಸ್ಟೇಷನ್ನಿಗೆ ಎಡತಾಕಾಕ ನಮಗೆಲ್ಲಿ ಹೊತ್ತದ? ನಿಂದು ಹ್ಯಾಂಗೂ ರಿಟೈರ್ ಆಗೇದ, ನೀನೇ ನಿನ್ನ ಹೆಸರಲೆ ಮಾಡಿಸ್ಕೋ" ಎಂದ ಅಣ್ಣ. ಮಾಡಿಸಿಕೊಂಡೆ. ಕಾಡತೂಸುಗಳನ್ನು ಡೀಲರನಿಗೆ ಒಪ್ಪಿಸಿದೆ. ಖಾಲಿ ಬಂದೂಕು ನನ್ನ ಜೊತೆ ಸೊಲ್ಲಾಪುರದ ಫ್ಲ್ಯಾಟಿಗೆ ಬಂತು.

ಅದನ್ನು ನಾನು ಸುಮ್ಮನೆ ಒಪ್ಪಿಕೊಂಡೆ ಎಂದು ತಿಳಿಯಬೇಡಿ. ನಮ್ಮ ಕಡೆ ದಸರೆಯ ಮುನ್ನಾದಿನದ ಖಂಡೇ ನವಮಿಗೆ ಮನೆಯ ಆಯುಧಕ್ಕೆ ಪೂಜೆ ಆಗಲೇಬೇಕು. ಅಂಗಡಿಯವರು ತಕ್ಕಡಿ, ತೂಕದಕಲ್ಲು ಪೂಜಿಸುತ್ತಾರೆ, ಆದರೆ ಮನೆತನದ ಆಯುಧ ಎಲ್ಲಿದೆಯೋ ಅಲ್ಲಿಗೆ ಗಂಡುಮಕ್ಕಳು ಹೋಗಿ ಹೂ ಏರಿಸಬೇಕು. ಬಂದೂಕು ನನ್ನ ಹತ್ತಿರ ಇದ್ದರೆ ಅವರು ನನ್ನ ಮನೆಗೆ ಬರಬೇಕು. ಇಷ್ಟೇ ನನ್ನ ಲೆಕ್ಕ.

ಇದರಲ್ಲಿ ದೊಡ್ಡದೇನಿದೆ ಎಂದು ನಿಮಗೆ ಅನ್ನಿಸಬಹುದು. ಮದುವೆಯಾದ ಅಕ್ಕತಂಗಿಯರನ್ನು ನಾಗರಪಂಚಮಿಗೆ ತವರಿಗೆ ಕರೆಯಲು ಅಣ್ಣತಮ್ಮಂದಿರು ಹೋಗುತ್ತಾರೆ. ಎಲ್ಲಿಗೂ ಹೋಗದವಳನ್ನು ಎಲ್ಲಿಂದ ಕರೆತರುವುದು? ರಾಖಿ ಕಟ್ಟಲು ನಾನೇ ಅವರ ಮನೆಗೆ ಹೋಗಿ ಬರುತ್ತೇನೆ. ವರ್ಷದಲ್ಲಿ ಅವರು ನನ್ನ ಬಾಗಿಲಿಗೆ ಬರುವುದು ಖಂಡೇ ನವಮಿಗೆ ಮಾತ್ರ. ಅದೂ ಹೇಗೆ? ಕೈಯಲ್ಲಿ ಕಾರಿನ ಚಾವಿ ಕುಣಿಸುತ್ತಾ. ಬಂದೂಕು ಹೊರಗೆ ತೆಗೆದಿಟ್ಟಿರುತ್ತೇನೆ, ನಿಂತಲ್ಲೇ ಕುಂಕುಮ, ಝೆಂಡು ಹೂ, ಆರತಿ. ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು ಹೂರಣದ ಹೋಳಿಗೆ ಮಾಡಿದ್ದರೆ, "ಡಬ್ಬ್ಯಾಗ ಹಾಕಿ ಕೊಡು, ಮನ್ಯಾಗ ಹುಡುಗುರು ತಿಂತಾವು" ಎನ್ನುತ್ತಾರೆ. ಡಬ್ಬಿ ಲಿಫ್ಟಿನಲ್ಲಿ ಇಳಿದುಹೋಗುತ್ತದೆ. ಉಳಿದ ಹೋಳಿಗೆಯನ್ನು ನಾನು ಫ್ರಿಜ್ಜಿನಲ್ಲಿಟ್ಟುಕೊಂಡು ಬೇಸರ ಬರುವವರೆಗೆ ತಿನ್ನುತ್ತೇನೆ.

ಹೀಗಿರುವಾಗ ಲೈಸೆನ್ಸಿನ ನವೀಕರಣ ಬಂತು. ಮನೆ ನೋಡಲು ಪೋಲೀಸ್ ಸ್ಟೇಷನ್ನಿನಿಂದ ಒಬ್ಬ ಜಮಾದಾರರು ಬಂದರು. ಬಂದೂಕು ಎಲ್ಲಿ ಎಂದರು. ಕಪಾಟಿನಲ್ಲಿ ಸೀರೆಗಳ ಹಿಂದೆ ನಿಲ್ಲಿಸಿದ್ದನ್ನು ತೋರಿಸಿದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಬಾಯಿ, ಇದು ನಡಿಯೂದಿಲ್ಲರಿ. ಈ ಕಪಾಟಾ ಸ್ಕ್ರೂ ಡ್ರೈವರಲೆ ತಗೀತಾರ. ನೀವ್ ಒಬ್ಬರೇ ಇರ್ತೀರಿ. ಮನಿ ಕೆಲಸದಾಕಿ ಬರ್ತಾಳ, ಹಾಲಿನವ ಬರ್ತಾನ. ಖರೇ ತಿಜೋರಿ ತರ್ರಿ, ಗ್ವಾಡಿಗೆ ಬೋಲ್ಟ್ ಹಾಕಸ್ರಿ. ಇಲ್ಲಾಂದ್ರ ಬಂದೂಕ ಸ್ಟೇಷನ್ನಿಗೆ ಜಮಾ ಮಾಡಿ ಆರಾಮ ಇರ್ರಿ."

ಆ ದಿನವೇ ಅಣ್ಣನಿಗೆ ಫೋನು ಮಾಡಿದೆ. ಗುರುವಾರ, ಅಕ್ಕಲಕೋಟೆಯ ಗುಡಿಗೆ ಬರುವ ಭಕ್ತರ ಗರ್ದಿ. ಹಿಂದಿನಿಂದ ಗಿರಾಕಿಗಳ ಸದ್ದು ಕೇಳುತ್ತಿತ್ತು.

"ಜಮಾ ಮಾಡಿ ಬಿಡವಾ" ಎಂದ. "ಯಾಕ ತ್ರಾಸ ತಗೋತಿ?"

"ಮತ್ತ ಖಂಡೇ ನವಮಿಗೆ?"

"ಅಂಗಡ್ಯಾಗ ತಕ್ಕಡಿ ಅದಾವಲ್ಲ. ಇಲ್ಲೇ ಮಾಡತೀವಿ. ನಿನಗೂ ಅಡಿಗಿ ತ್ರಾಸ ಉಳೀತದ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಫೋನು ಇಟ್ಟ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪಾತ್ರೆ ತಿಕ್ಕಿದೆ, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ. ಸಿಟ್ಟು ಇಳಿದ ಮೇಲೆ ಉಳಿದದ್ದು ಹೆದರಿಕೆ. ಬಂದೂಕು ಹೋದರೆ ನನ್ನ ಮನೆಯ ಕರೆಗಂಟೆ ಒತ್ತಲು ಹಾಲಿನವನು, ಕೆಲಸದವಳು, ಸೊಸೈಟಿಯ ಕಾವಲುಗಾರ, ಇಷ್ಟೇ ಜನ. ಮರುದಿನ ತಿಜೋರಿ ಹುಡುಕಲು ಹೊರಟೆ.

ಬಂದೂಕನ್ನು ಹೆಗಲಿಗೇರಿಸಿಕೊಂಡು ಬಜಾರಿಗೆ ಹೋಗಲಾಗುತ್ತದೆಯೇ? ಹಳೆಯ ಪಡದೆಯ ಸರಳೊಂದನ್ನು ಬಂದೂಕಿನ ಪಕ್ಕ ಇಟ್ಟು, ಅಳತೆಗೆಂದು ಅಷ್ಟೇ ಉದ್ದಕ್ಕೆ ಕೊಯ್ಯಿಸಿದೆ. ಆ ಸರಳು ಹಿಡಿದು ರಿಕ್ಷಾ ಹತ್ತಿದರೆ ರಿಕ್ಷಾದವನು "ಹೊಸಾ ಪಡದಾ ಏನ್ರಿ ಮಾವಶಿ?" ಎಂದು ಕೇಳಿದ. ಹೌದಪ್ಪಾ ಎಂದೆ.

ಮೊದಲ ಅಂಗಡಿಯಲ್ಲಿ ಟೈ ಕಟ್ಟಿದ ಹುರುಪಿನ ಮನುಷ್ಯ. "ಬೋಲಾ ಮಾವಶಿ, ದಾಗಿನ್ಯಾಂಸಾಠೀ ಕಾ?" ಎಂದು ಮರಾಠಿಯಲ್ಲಿ ಒಡವೆಯ ಮಾತು ತೆಗೆದ. ಬಂದೂಕಿಗೆ ಎಂದ ಕೂಡಲೇ ಕನ್ನಡಕ್ಕೆ ಇಳಿದ. "ಸಾಹೇಬರು ಬಂದಿಲ್ಲೇನ್ರಿ?"

"ಸಾಹೇಬರು ನಾನೇ" ಎಂದೆ.

ಅವನು ನಂಬರು ಒತ್ತುವ ತಿಜೋರಿ ತೋರಿಸಿದ. ನೋಡಲು ಚಂದ, ಕೈಯಿಂದ ಬಡಿದರೆ ಎಣ್ಣೆಯ ಡಬ್ಬಿಯಂತೆ ಟೊಳ್ಳು ಸದ್ದು. ಬೆರಳು ಇಟ್ಟರೆ ತೆರೆಯುವುದೂ ಇತ್ತು. ಜೀವಮಾನವಿಡೀ ನೋಟು ಎಣಿಸಿ ನನ್ನ ಬೆರಳ ತುದಿ ಸವೆದಿದೆ. ಎಷ್ಟು ಒತ್ತಿದರೂ ಅದಕ್ಕೆ ನನ್ನ ಗುರುತು ಸಿಗಲಿಲ್ಲ. "ಹಂಗಾದ್ರ ನಂಬರಂದು ತಗೋರಿ. ನಂಬರ ನಿಮಗ ಮರತರ ಅಂತ ಮನ್ಯಾಗ ಇನ್ನೊಬ್ಬರಿಗೆ ಹೇಳಿ ಇಟ್ಟರ ಆತು" ಎಂದ. ಯಾರಿಗೆ ಹೇಳಲಿ? ನನ್ನ ಮುಖ ನೋಡಿ ಅವನಿಗೆ ಏನು ತಿಳಿಯಿತೋ, ಚಹಾ ತರಿಸಲೇನು ಎಂದು ಕೇಳಿದ. ಬೇಡವೆಂದು ಸರಳು ಹಿಡಿದು ಎದ್ದೆ.

ಎರಡನೆಯ ಕಡೆ ಯಾವುದೋ ಹಳೆಯ ಪೇಢಿಯಿಂದ ಗುಜರಿಗೆ ಬಂದ ಮೋಡಕಾ ತಿಜೋರಿ ಇತ್ತು. ಅಗ್ಗ, ಆದರೆ ಆನೆಯ ಭಾರ. ಮೇಲೆ ಸಾಗಿಸಲು ಕೊಡಬೇಕಾದ ಹಣದಲ್ಲಿ ಹೊಸದೇ ಬರುತ್ತಿತ್ತು. ಅದರ ಎರಡನೆಯ ಚಾವಿ ಎಲ್ಲಿದೆಯೆಂದು ಮಾರುವವನಿಗೇ ಗೊತ್ತಿರಲಿಲ್ಲ. ಯಾರದೋ ಜೇಬಿನಲ್ಲಿ ಚಾವಿ ಇರುವ ತಿಜೋರಿಗೂ ನನ್ನ ಸೀರೆಯ ಕಪಾಟಿಗೂ ಏನು ಫರಕು?

ಮೂರನೆಯ ಅಂಗಡಿ ಅಕ್ಕಲಕೋಟೆ ರಸ್ತೆಯ ಕಾರಖಾನೆಗಳ ಕಡೆ. ಅಲ್ಲಿ ಎರಡು ತಿಜೋರಿ ಅಕ್ಕಪಕ್ಕ ನಿಂತಿದ್ದವು. ದಪ್ಪ ತಗಡು, ಚಾವಿಯ ಕೀಲಿ, ಒಳಗಿನಿಂದ ಗೋಡೆಗೆ ಬೋಲ್ಟು ಹಾಕಲು ತೂತುಗಳು, ಎಲ್ಲ ಒಂದೇ. ಒಂದು ಉದ್ದ, ಒಂದು ಗಿಡ್ಡ. ಉದ್ದದ್ದರಲ್ಲಿ ನನ್ನ ಸರಳು ನೆಟ್ಟಗೆ ನಿಂತಿತು. ಗಿಡ್ಡದ್ದರಲ್ಲಿ ಅಡ್ಡ ಹಿಡಿದರೂ ಹೋಗಲಿಲ್ಲ, ಓರೆ ಹಿಡಿದರೂ ಹೋಗಲಿಲ್ಲ. ಬೆಲೆ ಮಾತ್ರ ಗಿಡ್ಡದ್ದಕ್ಕೆ ಅರ್ಧ.

"ಬಂದೂಕ ಬಿಚ್ಚಿ ಇಟ್ಟರ ಇದರಾಗೂ ಕೂಡತದ" ಎಂದ ಮಾಲೀಕ. "ಆದ್ರ ಉದ್ದಂದೇ ತಗೋರಿ ಅಕ್ಕಾರ. ಕೀಲಿ ತಗದ್ರ ಬಂದೂಕ ಕೈಗೆ. ಗಿಡ್ಡದರಾಗ ಒಮ್ಮೆ ತಗದ್ರ ಜೋಡಿಸ್ಕೋತ ಕೂಡಬೇಕು. ಭಾಳ ಹೊತ್ತ ಹೋಗತದ."

"ಭಾಳ ಹೊತ್ತ ಹೋಗತದ?" ಎಂದು ಮತ್ತೆ ಕೇಳಿದೆ.

"ಹೋಗತದಲ್ರಿ. ಗೊತ್ತಿಲ್ಲದವರಿಗೆ ಅರ್ಧಾ ದಿವಸಾ."

ನಾನು ಉದ್ದ ತಿಜೋರಿಯ ಬಾಗಿಲು ಮುಚ್ಚಿದೆ. ಗಿಡ್ಡದ್ದಕ್ಕೆ ಸಂಚಕಾರವೆಂದು ಮುಂಗಡ ಹಣ ಕೊಟ್ಟೆ. ಪಿಂಚಣಿಯಲ್ಲಿ ಕೂಡುವುದು ಇದೇ, ಬಿಚ್ಚಿಟ್ಟ ಬಂದೂಕು ಕಳ್ಳನಿಗೂ ಸುಲಭಕ್ಕೆ ದಕ್ಕುವುದಿಲ್ಲ ಎಂದು ಜಮಾದಾರರಿಗೆ ಹೇಳಿದೆ. ಎರಡೂ ಸುಳ್ಳಲ್ಲ. ಅವರು ಬಂದು ಬೋಲ್ಟು ಜಗ್ಗಿ ನೋಡಿ, "ಈಗ ಬರೋಬ್ಬರ ಆತು ನೋಡ್ರಿ" ಎಂದು ಹೋದರು.

ತಿಜೋರಿಯನ್ನು ಮಲಗುವ ಕೋಣೆಯ ಗೋಡೆಗಪಾಟಿನಲ್ಲಿ ಕೂರಿಸಿದ್ದೆ, ಹೊರಗಿನವರ ಕಣ್ಣಿಗೆ ಬೀಳದಂತೆ. ಒಂದು ಚಾವಿ ಬ್ಯಾಂಕಿನ ಲಾಕರಿಗೆ ಹೋಯಿತು. ಇನ್ನೊಂದನ್ನು ಎಲ್ಲಿಟ್ಟರೂ ಸಮಾಧಾನವಾಗದೆ ಕಪ್ಪು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡೆ. ಕೆಲಸದವಳು ದಾರ ನೋಡಿ, ಮಾವಶಿ, ಈ ವಯಸ್ಸಿನಲ್ಲಿ ಮಂಗಳಸೂತ್ರವೇ ಎಂದು ಚೇಷ್ಟೆ ಮಾಡಿದಳು. ಹೌದೇ, ಗಂಡನನ್ನು ಒಳಗೆ ಕೂಡಿಹಾಕಿದ್ದೇನೆ, ಓಡಿಹೋಗಬಾರದಲ್ಲ ಎಂದೆ. ಇಬ್ಬರೂ ನಕ್ಕೆವು. ಅವಳು ಹೋದ ಮೇಲೆ ಟೀವಿ ಹಚ್ಚಿದೆ. ನೋಡುವುದಕ್ಕಲ್ಲ, ಮನೆಯಲ್ಲಿ ಯಾರಾದರೂ ಮಾತಾಡುತ್ತಿರಲಿ ಎಂದು.

ಖಂಡೇ ನವಮಿ ಹತ್ತಿರ ಬಂದಾಗ ಇಬ್ಬರಿಗೂ ಫೋನು ಮಾಡಿದೆ. ಬಂದೂಕು ಮನೆಯಲ್ಲೇ ಇದೆ, ತಿಜೋರಿ ಬಂದಿದೆ ಎಂದೆ. "ಇಟ್ಟಕೊಂಡೀ ಏನ?" ಎಂದು ಕೇಳಿದ ಅಣ್ಣ "ಹಂಗಾದ್ರ ಬರಬೇಕಾಗತದ" ಎಂದ. ತಮ್ಮ "ನೋಡತೀನಿ ಅಕ್ಕಾ" ಎಂದ. ನೋಡತೀನಿ ಎಂದವರನ್ನು ಕಾಯುವುದು ಎಂಥದೆಂದು ಕಾದವರಿಗೇ ಗೊತ್ತು. ಹೋಳಿಗೆಗೆ ಬೇಳೆ ನೆನೆಹಾಕುವಾಗಲೂ ಕೈ ಹಿಂದೆಮುಂದೆ ನೋಡುತ್ತಿತ್ತು.

ಬಂದರು. ಇಬ್ಬರೂ ಒಂದೇ ಕಾರಿನಲ್ಲಿ, ಎಂದಿನಂತೆ ಚಾವಿ ಕುಣಿಸುತ್ತಾ. "ಲಗೂ ತಗಿಯವಾ, ಅಂಗಡ್ಯಾಗ ಇನ್ನೂ ಪೂಜಿ ಆಗಬೇಕು" ಎಂದ ಅಣ್ಣ ಬಾಗಿಲಲ್ಲೇ ನಿಂತು. ಈ ಸಲ ನಾನು ಏನನ್ನೂ ತೆಗೆದಿಟ್ಟಿರಲಿಲ್ಲ. ಕೊರಳ ದಾರ ತೆಗೆದು ತಿಜೋರಿ ತೆರೆದೆ, ಧೋತರದಲ್ಲಿ ಸುತ್ತಿದ ಮೂರು ಗಂಟುಗಳನ್ನು ತಂದು ಚಾಪೆಯ ಮೇಲಿಟ್ಟೆ. ನಳಿಗೆ ಒಂದು, ಹಿಂದಿನ ಹಿಡಿಕೆ ಒಂದು, ನಳಿಗೆಯ ಕೆಳಗೆ ಕೂರುವ ಕಟ್ಟಿಗೆಯ ತುಂಡು ಒಂದು.

"ಇದೇನವಾ, ತುಂಡ ತುಂಡ ಮಾಡೀಯಲ್ಲ!"

"ಗಿಡ್ಡ ತಿಜೋರಿ. ಇದ್ದ ರೊಕ್ಕದಾಗ ಬಂದದ್ದು ಅದೇ."

"ಮುರದ ಆಯುಧಕ್ಕ ಪೂಜಿ ಮಾಡಬಾರದು" ಎಂದ ತಮ್ಮ.

"ಅದಕ್ಕ ಜೋಡಸತೀನಿ. ಕೂಡ್ರಿ."

ಬೇರೆ ದಾರಿಯಿರಲಿಲ್ಲ, ಕೂತರು. ಅಣ್ಣ ಮೊದಲು ಕುರ್ಚಿಯ ತುದಿಯಲ್ಲಿ ಕೂತ. ನಾನು ಎಣ್ಣೆಯ ಶೀಶೆ ತೆರೆದೆ. ನಳಿಗೆ ಒರೆಸಿದೆ, ಕಣ್ಣಿಗೆ ಹಿಡಿದು ನೋಡಿದೆ, ಮತ್ತೆ ಒರೆಸಿದೆ. ಹಿಡಿಕೆಯ ತುಂಡು ಕೂಡಿಸಲು ಹೋಗಿ, ಕೂಡಲಿಲ್ಲವೆಂಬಂತೆ ಹೊರಗೆ ತೆಗೆದೆ. ನಡುವೆ ಎದ್ದು ಚಹಾ ಇಟ್ಟೆ. ವಾಪಸು ಬಂದು ನೋಡಿದರೆ ತಮ್ಮ ಚಾಪೆಯ ಮೇಲೆ ಇಳಿದು ಕೂತು ಧೋತರದ ತುಂಡು ಮೂಸುತ್ತಿದ್ದ.

"ಅಪ್ಪನ ವಾಸ್ನಿ ಬರಾಕತ್ತದ ನೋಡಣ್ಣಾ."

ಅಣ್ಣನೂ ಕೆಳಗೆ ಇಳಿದ. ನಳಿಗೆ ತೊಡೆಯ ಮೇಲಿಟ್ಟುಕೊಂಡು, ಅಪ್ಪ ಇದನ್ನು ಧೋತರದಲ್ಲಿ ಸುತ್ತಿ ಎಸ್‌ಟಿ ಬಸ್ಸಿನಲ್ಲಿ ಒಯ್ಯುವಾಗ ಕಂಡಕ್ಟರ್ ಕಬ್ಬೆಂದು ತಿಳಿದು ಲಗೇಜಿನ ತಿಕೀಟು ಹರಿದ ಕತೆ ಹೇಳಿದ. ಆ ಕತೆ ನನಗೆ ಗೊತ್ತಿರಲಿಲ್ಲ. ತಮ್ಮ ನಗುತ್ತಾ ಚಹಾ ಚೆಲ್ಲಿಕೊಂಡ. ಕಾರಿನ ಚಾವಿ ಯಾವಾಗಲೋ ಟೀವಿಯ ಪಕ್ಕ ಹೋಗಿ ಕೂತಿತ್ತು. ಪೂಜೆ ಮುಗಿಯುವ ಹೊತ್ತಿಗೆ ಊಟದ ಹೊತ್ತೂ ಮೀರಿತ್ತು. "ಹಸಿವ್ಯಾಗೇದ, ಇಲ್ಲೇ ಬಡಸು" ಎಂದ ಅಣ್ಣ. ಡಬ್ಬಿಗೆ ಹೋಗಬೇಕಾದ ಹೋಳಿಗೆ ಗಂಗಾಳಕ್ಕೆ ಬಿದ್ದವು. ಬೇಡ ಬೇಡವೆಂದರೂ ಇಬ್ಬರ ಹೋಳಿಗೆಯ ಮೇಲೂ ಮತ್ತೆ ತುಪ್ಪ ಸುರಿದೆ.

ಹೊರಡುವಾಗ ಅಣ್ಣ ಬಾಗಿಲಲ್ಲಿ ನಿಂತು ನನ್ನ ಬೆರಳುಗಳನ್ನು ನೋಡಿದ. "ಈ ವಯಸ್ಸಿನ್ಯಾಗ ನಿನಗ ಭಾಳ ತ್ರಾಸ ಆತಲ್ಲವಾ. ನಾವಿಬ್ಬರೂ ಕೂಡಿ ಉದ್ದ ತಿಜೋರಿ ಕೊಡಸತೀವಿ. ಮುಂದಿನ ವರ್ಷ ಬಂದ ಕೂಡಲೇ ಪೂಜಿ ಮಾಡಿ ಹೊಂಟಬಿಡತೀವಿ, ನಿನಗೂ ಹಗರಾಗತದ."

ಅವನ ಪ್ರೀತಿ ಸುಳ್ಳಲ್ಲ. ಆದರೂ "ಬ್ಯಾಡಣ್ಣಾ" ಎಂದೆ. "ಇದು ಗ್ವಾಡಿಗೆ ಬೋಲ್ಟ್ ಹಾಕಿದ್ದದ, ಈಗ ಕೀಳಾಕ ಬರೂದಿಲ್ಲ."

ಲಿಫ್ಟು ಇಳಿದ ಸದ್ದು ಕೇಳಿ ಒಳಗೆ ಬಂದೆ. ಮೂರು ಗಂಗಾಳ, ಮೂರು ಚಹಾದ ಕಪ್ಪು ಹಾಗೇ ಬಿದ್ದಿದ್ದವು. ತೊಳೆಯುವ ಮನಸ್ಸಾಗಲಿಲ್ಲ. ಝೆಂಡು ಹೂ ತೆಗೆದು, ಕುಂಕುಮ ಒರೆಸಿ, ಬಂದೂಕು ಬಿಚ್ಚಲು ಕೂತೆ. ಟೀವಿಯ ಕಡೆ ಕೈ ಹೋಗಲಿಲ್ಲ, ಅವರ ಮಾತು ಇನ್ನೂ ಕಿವಿಯಲ್ಲಿತ್ತು. ಬೆರಳುಗಳು ತಾವಾಗಿಯೇ ಓಡಾಡಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೂರೂ ತುಂಡು ಮೂರು ಗಂಟುಗಳಲ್ಲಿದ್ದವು. ಜೋಡಿಸಲೂ ನನಗೆ ಅಷ್ಟೇ ಹೊತ್ತು ಸಾಕು. ಅದನ್ನು ನಾನು ಅವರಿಗೆ ಹೇಳಿಲ್ಲ.