ಗಾಳಿ ಹಾಸಿಗೆಯ ಪಂಪು

ನನ್ನ ಗಂಡ ಮೈಸೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಅವರನ್ನು ಕೆಣಕಬೇಕೆನಿಸಿದಾಗ ನಾನು ಬೇಕೆಂದೇ ತಪ್ಪು ಹೇಳುತ್ತಿದ್ದೆ.

"ರೀ, ಗುಡುಗು ಮೊದಲು, ಮಿಂಚು ಆಮೇಲೆ ಅಲ್ವಾ?"

ಎಂಜಲು ಕೈಯಲ್ಲೇ ಎದ್ದು ಬಂದು ತಿದ್ದುತ್ತಿದ್ದರು. ಒಂದು ತಪ್ಪನ್ನೂ ಹಾಗೇ ಬಿಟ್ಟವರಲ್ಲ.

ದೋಹಾದಲ್ಲಿ ಫುಟ್‌ಬಾಲ್ ವರ್ಲ್ಡ್ ಕಪ್ ನಡೆದಾಗ ಅವರು ಸ್ಟ್ರೋಕ್ ಆಗಿ, ಅಲ್ಲಿನ ಮದೀನತ್ ಖಲೀಫಾ ಬಡಾವಣೆಯಲ್ಲಿದ್ದ ನಮ್ಮ ಮಗನ ಮನೆಯಲ್ಲಿ ಮಲಗಿದ್ದರು. ಕಣ್ಣು ತೆರೆದಿರುತ್ತಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ನಾವಾಡುವ ಮಾತು ಅವರಿಗೆ ತಿಳಿಯುತ್ತದೋ ಇಲ್ಲವೋ, ಡಾಕ್ಟರೂ ಹೇಳಲಾರದೇ ಹೋದರು.

ಒಂದು ಮಧ್ಯಾಹ್ನ ಮೊಮ್ಮಗಳು ಲ್ಯಾಪ್‌ಟಾಪ್ ತಂದು ಅವರ ಹಾಸಿಗೆಯ ಪಕ್ಕ ಇಟ್ಟಳು. ಗುರುತ್ವದ ಅಲೆಗಳನ್ನು ಹುಡುಕುವ ವೀಕ್ಷಣಾಲಯವೊಂದನ್ನು ಅವಳ ಸ್ಕೂಲಿನವರು ಆನ್‌ಲೈನಿನಲ್ಲಿ ತೋರಿಸುವವರಿದ್ದರು.

"ತಾತಂಗೆ ಇಷ್ಟ ಆಗತ್ತೆ ಅಜ್ಜಿ."

ಯುರೋಪಿನ ಯಾವುದೋ ಹೊಲದ ನಡುವೆ ಮೈಲಿಗಟ್ಟಲೆ ಉದ್ದದ ಕೊಳವೆ. ಅದರ ಪಕ್ಕ ಒಬ್ಬ ವಿಜ್ಞಾನಿ ನಡೆಯುತ್ತ ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ಇವಳು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಎಲ್ಲೋ ದೂರದಲ್ಲಿ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದರೆ ಇಲ್ಲಿ ಅಣುವಿಗಿಂತ ಸಣ್ಣ ನಡುಕ ಬರುತ್ತದಂತೆ. ಆದರೆ ರಸ್ತೆಯಲ್ಲಿ ಲಾರಿ ಹೋದರೂ ಯಂತ್ರ ನಡುಗುತ್ತದೆ. ಅಂಥದ್ದನ್ನೆಲ್ಲ ಕಳೆದ ಮೇಲೆ ಉಳಿದದ್ದನ್ನು ಮಾತ್ರ ನಂಬುವುದಂತೆ.

"ಈಗೇನ್ ಸಿಕ್ತಿದೆ ಕೇಳೇ."

"ಏನೂ ಇಲ್ಲ ಅಜ್ಜಿ. ರಿಪೇರಿಗೆ ಆಫ್ ಮಾಡಿದಾರೆ."

"ಖಲಾಸ್! ಅಂಗಡಿ ಮುಚ್ಚಿದ ದಿನ ಕರ್ಕೊಂಡ್ ಹೋದೆಯಲ್ಲೇ."

ಅವಳು ನಕ್ಕಳು. ನನಗೆ ಹಳೆಯ ಆಟ ನೆನಪಾಯಿತು. ಅವರ ಕೈ ಹಿಡಿದು ಗಟ್ಟಿಯಾಗಿ ಹೇಳಿದೆ.

"ಕೇಳಿದ್ರಾ? ಬೆಳಕಿಗಿಂತ ಸದ್ದೇ ಬೇಗ ಓಡತ್ತಂತೆ ರೀ!"

ಬೆರಳು ಅಲುಗಿತು.

"ನೋಡೇ! ತಾತಂಗೆ ಕೋಪ ಬಂತು!"

ಮೊಮ್ಮಗಳು ಮಂಚದ ಕೆಳಗೆ ನೋಡಿದಳು. "ಅಜ್ಜಿ... ಅದು ಪಂಪು."

ಬೆನ್ನು ಹುಣ್ಣಾಗದಿರಲೆಂದು ಹಾಸಿದ್ದ ಗಾಳಿ ಹಾಸಿಗೆ. ಪಂಪು ಗಾಳಿ ತುಂಬಿದಂತೆ ಒಂದು ಕಡೆ ಉಬ್ಬಿದರೆ ಇನ್ನೊಂದು ಕಡೆ ಇಳಿಯುತ್ತಿತ್ತು.

ಪಂಪು ಆರಿಸಿದೆ. ಏಸಿಯನ್ನೂ ಆರಿಸಿದೆ. ಹೊರಗೆ ಬಾವುಟ ಕಟ್ಟಿದ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ಅವು ಹೋಗುವ ತನಕ ಕಾದೆ. ಆಮೇಲೆ ಅವರ ಕಿವಿಗೆ ಬಾಯಿಟ್ಟು, ಯಾವ ಮೇಷ್ಟ್ರೂ ತಡೆಯಲಾರದಂಥ ತಪ್ಪು ಹೇಳಿದೆ.

"ಸೂರ್ಯನೇ ಭೂಮಿ ಸುತ್ತ ಸುತ್ತೋದು ರೀ."

ಕೈ ನನ್ನ ಕೈಯಲ್ಲಿ ಹಾಗೇ ಇತ್ತು. ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ.

"ಇಲ್ಲ ಅಜ್ಜಿ, ಭೂಮಿನೇ..." ಎಂದಳು ಮೊಮ್ಮಗಳು, ಅಳು ತಡೆಯಲಾರದೆ.

"ನೀನ್ ಸುಮ್ನಿರೇ. ನಿನ್ನ ಕೇಳ್ಲಿಲ್ಲ."

ಹಾಸಿಗೆ ಮೆತ್ತಗಾಗಿ ಅವರ ಸೊಂಟ ಕೆಳಗಿಳಿಯತೊಡಗಿತು. ಬಗ್ಗಿ ಪಂಪು ಹಾಕಿದೆ. ಬೆರಳು ಮತ್ತೆ ಅಲುಗಿತು.