ಹತ್ತಕ್ಕೆ ಒಂಬತ್ತು ಹಾಕಿಕೊಂಡ ಉಬ್ಬಸದವರು

ಎಡಿನ್‌ಬರೊದಿಂದ ಬಂದ ಕಾಗದವನ್ನು ಸೆಂಗಾ ಪೀಟ್ರಿ ಮೊದಲು ನಿಂತುಕೊಂಡು ಓದಿದಳು, ಆಮೇಲೆ ಕೂತುಕೊಂಡು ಓದಿದಳು, ಮೂರನೆಯ ಸಲ ನಮಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದಳು. ವಾಸಿಯಾಗದ ಕಾಯಿಲೆಯ ಜನ ತಮ್ಮ ಬದುಕನ್ನು ತಾವೇ ಸಂಭಾಳಿಸಿಕೊಳ್ಳಲು ಕಟ್ಟಿಕೊಂಡ ಸಂಘಗಳಿಗೆ ದುಡ್ಡು ಕೊಡುವ ನಿಧಿಯೊಂದು ಅಲ್ಲಿದೆ. ನಮ್ಮ ಗಣಿಯೂರು ಕಿನ್‌ಲಾರಿಯ ಉಬ್ಬಸದವರ ಸಂಘ ಎರಡು ವರ್ಷದ ನೆರವು ಕೇಳಿ ಅರ್ಜಿ ಹಾಕಿತ್ತು. ಕಾಗದದ ಭಾಷೆ ಬಲು ಮರ್ಯಾದೆಯದು. ತಿರುಳು ಇಷ್ಟೇ: ನೀವು ತುಂಬಿ ಕಳಿಸಿದ ಪ್ರಶ್ನಾವಳಿಗಳ ಪ್ರಕಾರ ನಿಮ್ಮ ಸದಸ್ಯರೆಲ್ಲ ಬಹಳ ಚೆನ್ನಾಗಿದ್ದಾರೆ, ಇಷ್ಟು ಚೆನ್ನಾಗಿರುವವರಿಗೆ ನೆರವು ಯಾಕೆ ಎಂದು ಮಂಡಳಿ ಕೇಳುತ್ತಿದೆ, ಗುರುವಾರ ನಮ್ಮ ಅಧಿಕಾರಿ ಇಶ್‌ಬೆಲ್ ರೆನ್ನಿ ಬಂದು ನೋಡುತ್ತಾರೆ.

"ಯಾವನೋ ಅವನು ಇಲ್ಲಿ ಚೆನ್ನಾಗಿರೋನು?" ಸೆಂಗಾ ಕಾಗದವನ್ನು ಕಾರ್ಮಿಕ ಭವನದ ಹಿಂಬದಿ ಕೋಣೆಯ ಸ್ನೂಕರ್ ಮೇಜಿನ ಮೇಲೆ ಬಡಿದಳು. "ಎಕ್ ಲಮ್ಸ್‌ಡನ್, ನಿನ್ನ ಉಸಿರಾಟಕ್ಕೆ ಹತ್ತರಲ್ಲಿ ಎಷ್ಟು ಹಾಕಿದ್ದೆ?"

ಎಕ್ ಮೂವತ್ತೊಂದು ವರ್ಷ ಕಲ್ಲಿದ್ದಲು ಕಡಿದವನು. ಎದೆ ಸೋತಿದ್ದರೂ ದನಿ ಇಳಿದಿಲ್ಲ. "ಒಂಬತ್ತು," ಎಂದ.

"ಒಂಬತ್ತಾ! ಬೂಟಿನ ದಾರ ಕಟ್ಟೋಕೆ ನಿನಗೆ ಕಾಲುಗಂಟೆ ಬೇಕಲ್ಲೋ!"

"ಕೊನೆಗೆ ಕಟ್ತೀನಲ್ಲ."

"ಎಫೀ, ನೀನು?"

ಎಫೀ ಕಾರ್ಗಿಲ್ ಮೂಲೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಚಕ್ರದ ಗಾಡಿಯ ಮೇಲೆ ಆಮ್ಲಜನಕದ ಸಿಲಿಂಡರು, ಮೂಗಿಗೆ ಕೊಳವೆ. ಕಡಿಮೆ ಮಾತಿನ ಹೆಂಗಸು. "ಎಂಟು ಹಾಕ್ದೆ," ಎಂದಳು. "ಸಿಲಿಂಡರ್ ಇದ್ದಾಗ ಎಂಟೇ ಅಲ್ವಾ?"

"ಅಲ್ಲ, ನೀನೆಷ್ಟು ಹಾಕಿದ್ದೆ ಮಹಾರಾಯ್ತಿ?" ಎಕ್ ಸೆಂಗಾಳತ್ತ ಗದ್ದ ಎತ್ತಿದ.

ಸೆಂಗಾ ಕಿಟಕಿಯಾಚೆ ನೋಡಿದಳು. ಎಫೀ ಸದ್ದಿಲ್ಲದೆ ಪ್ರಶ್ನಾವಳಿಗಳ ಪ್ರತಿಗಳ ಕಟ್ಟಿಗೆ ಕೈಹಾಕಿ ಒಂದು ಹಾಳೆ ಎಳೆದಳು. "ಹತ್ತು!"

ಕೋಣೆಗೆ ಕೋಣೆಯೇ ನಕ್ಕಿತು. ಉಬ್ಬಸದ ಜನಕ್ಕೆ ನಗು ಪುಕ್ಕಟೆ ಸಿಗುವ ವಸ್ತುವಲ್ಲ. ನಕ್ಕವರೆಲ್ಲ ಕೆಮ್ಮಿ, ಕೆಮ್ಮಿದವರೆಲ್ಲ ಇನ್ಹೇಲರ್ ಹುಡುಕಿ, ಎಲ್ಲರೂ ಒಂದು ಹದಕ್ಕೆ ಬರಲು ಐದು ನಿಮಿಷ ಹಿಡಿಯಿತು.

ನಮ್ಮೂರಿನಲ್ಲಿ "ಹೆಂಗಿದೀಯ?" ಎಂದು ಯಾರಾದರೂ ಕೇಳಿದರೆ "ಪರವಾಗಿಲ್ಲ" ಎನ್ನಬೇಕು. ಕಾಲು ಮುರಿದಿದ್ದರೂ ಪರವಾಗಿಲ್ಲ, ಹೆಂಡತಿ ಓಡಿಹೋಗಿದ್ದರೂ ಪರವಾಗಿಲ್ಲ. ಬೇರೇನಾದರೂ ಹೇಳಿದವನನ್ನು ಜನ ಅನುಮಾನದಿಂದ ನೋಡುತ್ತಾರೆ. ಇದೇನು ದೊಡ್ಡ ಧೈರ್ಯವಲ್ಲ, ಹೊಟ್ಟೆಪಾಡು. ಗಣಿಯ ವೈದ್ಯನ ಮುಂದೆ ಎದೆನೋವು ಅಂತ ಬಾಯಿಬಿಟ್ಟವನನ್ನು ಮರುದಿನವೇ ಗಣಿಯಿಂದ ತೆಗೆದು ನೆಲದ ಮೇಲಿನ ಕೆಲಸಕ್ಕೆ ಹಾಕುತ್ತಿದ್ದರು. ಸಂಬಳ ಅರ್ಧಕ್ಕೆ ಇಳಿಯುತ್ತಿತ್ತು. ಮೂರು ತಲೆಮಾರು ಹೀಗೆ ಬಾಯಿ ಮುಚ್ಚಿಕೊಂಡು ಬಂದ ಜನರ ಕೈಗೆ ಪೆನ್ನು ಕೊಟ್ಟು, ನಿಮ್ಮ ಕಷ್ಟಕ್ಕೆ ಅಂಕ ಹಾಕಿ ಅಂದರೆ ಇನ್ನೇನಾಗುತ್ತದೆ?

ಸೆಂಗಾಳ ಕಥೆಯೂ ಅದೇ ಹಿಟ್ಟಿನದು. ನಾನು ಅವಳನ್ನು ಸರಿಯಾಗಿ ನೋಡಿದ್ದು ಎಂಬತ್ತನಾಲ್ಕರ ಗಣಿ ಮುಷ್ಕರದಲ್ಲಿ. ನಾವು ಗಂಡಸರು ಗಣಿಯ ಬಾಗಿಲಲ್ಲಿ ಪೊಲೀಸರ ಎದುರು ಎದೆ ಸೆಟೆಸಿ ನಿಂತಿದ್ದೆವು. ಅವಳು ಇದೇ ಕಾರ್ಮಿಕ ಭವನದ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ಜನಕ್ಕೆ ಸೂಪು, ಆಲೂಗಡ್ಡೆ ಬೇಯಿಸುತ್ತಿದ್ದಳು, ಒಂದು ವರ್ಷ, ಒಂದು ದಿನವೂ ತಪ್ಪದೆ. ನಾವು ಸೋತೆವು. ಗಣಿ ಮುಚ್ಚಿತು. ಅವಳ ಗಂಡ ಕುಡಿದು ಸತ್ತ. ಆ ವಿಷಯವನ್ನು ನಯವಾಗಿ ಹೇಳುವ ಅಗತ್ಯ ಅವಳಿಗೂ ಕಂಡಿಲ್ಲ, ನನಗೂ ಕಾಣುತ್ತಿಲ್ಲ. ಅವಳು ಶಾಲೆಯ ಅಡುಗೆಮನೆ ಸೇರಿ ಇಪ್ಪತ್ತು ವರ್ಷ ಮಕ್ಕಳಿಗೆ ಬಡಿಸಿದಳು. ದಿನಕ್ಕೆ ಮೂವತ್ತು ಸಿಗರೇಟು ಸೇದಿದಳು. ಐವತ್ತೆಂಟಕ್ಕೆ ಶ್ವಾಸಕೋಶ ಕೈಕೊಟ್ಟಿತು.

ಆಸ್ಪತ್ರೆಯವರು ಎಂಟು ವಾರ ಉಸಿರಾಟದ ತರಗತಿ ನಡೆಸಿದರು. ಹೇಗೆ ಉಸಿರು ಬಿಡಬೇಕು, ಹೇಗೆ ನಡೆಯಬೇಕು, ಎದೆ ಕಟ್ಟುವ ಮುನ್ನ ಗುರುತು ಹಿಡಿದು ಯಾವ ಮಾತ್ರೆ ನುಂಗಬೇಕು, ಎಲ್ಲ ಕಲಿಸಿದರು. ಒಂಬತ್ತನೆಯ ವಾರ ಕೈಕುಲುಕಿ ಮನೆಗೆ ಕಳಿಸಿದರು. "ಈಜು ಕಲಿಸಿ ಕೆರೆ ಬತ್ತಿಸಿದಂಗಾಯ್ತು," ಎಂದಳು ಸೆಂಗಾ. ಅಲ್ಲಿ ಜೊತೆಗಿದ್ದ ನಾಲ್ವರನ್ನು ಕಟ್ಟಿಕೊಂಡು ಭವನದ ಹಿಂಬದಿ ಕೋಣೆಯಲ್ಲಿ ಸ್ನೂಕರ್ ಮೇಜಿನ ಸುತ್ತ ನಡೆಯಲು ಶುರುಮಾಡಿದಳು. ಮೂರು ವರ್ಷದಲ್ಲಿ ಐವರು ಮೂವತ್ತನಾಲ್ಕು ಜನರಾದರು.

ಅವಳ ಪಾಠವನ್ನು ಒಮ್ಮೆ ನೋಡಬೇಕು ನೀವು. "ಮೂಗಲ್ಲಿ ಎಳ್ಕೋ, ತುಟಿ ಚೂಪು ಮಾಡು, ಬಿಸಿ ಸೂಪು ಊದಿದಂಗೆ ಊದು! ಎಕ್, ಅದು ಸೂಪು ಕಣೋ, ಮನೆಗೆ ಬೆಂಕಿ ಬಿದ್ದಿಲ್ಲ, ಮೆಲ್ಲಗೆ!" ಯಾರಿಗೆ ಎದೆ ಬಿಗಿದರೂ ರಾತ್ರಿ ಹಗಲೆನ್ನದೆ ಫೋನ್ ಮಾಡಲು ಒಬ್ಬ ಜೊತೆಗಾರ ಇರುತ್ತಾನೆ. ಪ್ರತಿಯೊಬ್ಬರ ಮನೆಯ ಫ್ರಿಜ್ಜಿನ ಬಾಗಿಲ ಮೇಲೂ ಒಂದು ಹಾಳೆ: ಹಸಿರು ದಿನ, ಹಳದಿ ದಿನ, ಕೆಂಪು ದಿನ, ಯಾವ ದಿನ ಏನು ಮಾಡಬೇಕು. ಹಿಂದೆಲ್ಲ ಚಳಿಗಾಲಕ್ಕೆ ಮೂರು ಮೂರು ಸಲ ಆಂಬ್ಯುಲೆನ್ಸ್ ಹತ್ತುತ್ತಿದ್ದ ಎಕ್ ಹೋದ ಚಳಿಗಾಲ ಒಮ್ಮೆಯೂ ಹತ್ತಲಿಲ್ಲ.

ಆದರೆ ಭವನದ ಸಮಿತಿಯೂ ಬಡವರದ್ದೇ. ಅಕ್ಟೋಬರ್ ಕೊನೆಗೆ ಆ ಕೋಣೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಡುತ್ತೇವೆ ಎಂದು ಅವರು ಹೇಳಿಯಾಗಿತ್ತು. ನಿಧಿ ಒಪ್ಪಿದರೆ ಕೋಣೆ, ಅದಕ್ಕೆ ಶಾಖ, ಸುತ್ತಲ ಊರುಗಳಿಂದ ಜನರನ್ನು ತರಲು ಒಂದು ಸಣ್ಣ ಬಸ್ಸು, ತಿಂಗಳಿಗೆರಡು ದಿನ ಫಿಜಿಯೋ. ಒಪ್ಪದಿದ್ದರೆ ನವೆಂಬರಿನ ಚಳಿಗೆ ಮೂವತ್ತನಾಲ್ಕು ಜನ ಮೂವತ್ತನಾಲ್ಕು ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಕೂರುವುದು. ಹಾಗೆ ಕೂತವರಲ್ಲಿ ಎಷ್ಟು ಜನ ಮಾರ್ಚ್ ನೋಡುತ್ತಾರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಗುರುವಾರ ಬಂತು. ನಮ್ಮ ಜನ ಎರಡನೆಯ ತಪ್ಪು ಮಾಡಿದ್ದು ಆಗ. ನೆಂಟರು ಬರುತ್ತಾರೆ ಅಂದರೆ ನಮ್ಮ ಹೆಂಗಸರಿಗೆ ತಲೆ ನಿಲ್ಲುವುದಿಲ್ಲ. ಸ್ಕೋನು, ಸಾಸೇಜ್ ರೋಲು, ಮೂರು ಬಗೆಯ ಕೇಕು. ಗಂಡಸರು ನುಣ್ಣಗೆ ಕ್ಷೌರ ಮಾಡಿಕೊಂಡು, ಸಾವಿಗೂ ಮದುವೆಗೂ ಇಟ್ಟಿದ್ದ ಒಂದೇ ಕೋಟು ತೊಟ್ಟು ಹೊರಟರು. ಕೆನ್ನೆಗೆ ಬಣ್ಣ ಹಚ್ಚಿಕೊಂಡ ಎಫೀಯನ್ನು ನೋಡಿದರೆ ಸಿಲಿಂಡರನ್ನು ಶೋಕಿಗೆ ಎಳೆದುಕೊಂಡು ಬಂದ ಹಾಗಿತ್ತು.

"ಥೂ, ಎಲ್ಲ ಸೇರಿ ಕ್ರೂಸ್ ಹಡಗು ಹತ್ತೋಕೆ ಹೊರಟಂಗಿದೀರಲ್ಲ!" ಎಂದಳು ಸೆಂಗಾ. ಹಾಗೆಂದವಳು ತಾನೂ ಕೂದಲು ಗುಂಗುರು ಮಾಡಿಸಿಕೊಂಡಿದ್ದಳು.

ಇಶ್‌ಬೆಲ್‌ಳನ್ನು ಕರೆತರಲು ಸೆಂಗಾ ಮತ್ತು ನಾನು ಕೆಳಗಿನ ಬಸ್‌ಸ್ಟಾಪಿಗೆ ಹೋದೆವು. ಬಸ್ಸು ತಡವಾಗಿ ಬಂತು. ಆಚೆ ಊರುಗಳ ನಮ್ಮ ಸದಸ್ಯರು ಏಳೆಂಟು ಜನ, ಎಕ್ ಸಮೇತ, ಅದೇ ಬಸ್ಸಿನಿಂದ ಇಳಿದರು. ಇಶ್‌ಬೆಲ್ ನಲವತ್ತರ ಹೆಂಗಸು, ಹೆಗಲಿಗೊಂದು ಚೀಲ, ನೋಟ ಚುರುಕು. ಬಸ್‌ಸ್ಟಾಪಿನಿಂದ ಭವನದವರೆಗೆ ಅಂಗಡಿಬೀದಿ ಒಂದೇ ಸಮನೆ ಏರುತ್ತದೆ.

ಸೆಂಗಾ ಮಾತಾಡುತ್ತಲೇ ಏರತೊಡಗಿದಳು. ಸಂಘ ಹಾಗೆ, ಸಂಘ ಹೀಗೆ. ಇಶ್‌ಬೆಲ್ ಹೂಂಗುಡುತ್ತಿದ್ದಳು, ಆದರೆ ಕಣ್ಣು ಬೇರೆಲ್ಲೋ ಇತ್ತು. ಕೊನೆಗೆ ಕೇಳಿಯೇಬಿಟ್ಟಳು: "ಅಲ್ಲಿ ನಿಂತಿದ್ದಾರಲ್ಲ ಆ ಹಿರಿಯರು, ಅವರ ಮನೇಲಿ ಮದುವೆ ಏನಾದ್ರೂ ಇದೆಯಾ?"

ಎಕ್ ಮದುವಣಗಿತ್ತಿಯ ಉಡುಪಿನ ಅಂಗಡಿಯ ಗಾಜಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತು ಬಿಳಿ ಲೇಸನ್ನು ಪರೀಕ್ಷಿಸುತ್ತಿದ್ದ. ಅವನ ಹಿಂದೆ ಒಬ್ಬ ಪ್ರವಾಸದ ಜಾಹೀರಾತು ಓದುತ್ತಿದ್ದ. ಇನ್ನೊಬ್ಬ ಹೆಂಗಸರ ಒಳಉಡುಪಿನ ಅಂಗಡಿಯ ಮುಂದೆ, ತಲೆ ತಗ್ಗಿಸಿ, ಧ್ಯಾನಕ್ಕೆ ನಿಂತವನ ಹಾಗೆ. ಇಡೀ ಏರಿನುದ್ದಕ್ಕೂ ಕೋಟು ತೊಟ್ಟ ನಮ್ಮ ಜನ ಒಬ್ಬೊಬ್ಬರು ಒಂದೊಂದು ಕಿಟಕಿಗೆ ಅಂಟಿಕೊಂಡಿದ್ದರು. ಇಪ್ಪತ್ತು ಹೆಜ್ಜೆ, ಒಂದು ಕಿಟಕಿ. ನಾನು ವರ್ಷಗಳಿಂದ ನೋಡಿದ್ದು. ಎದೆಯೊಳಗೆ ಏನು ನಡೆಯುತ್ತಿದೆ ಎಂಬುದು ಊರಿಗೆಲ್ಲ ಗೊತ್ತು, ಕೇಳಿದವರು ಯಾರೂ ಇಲ್ಲ.

"ಎಕ್‌ಗಾ? ಅವನಿಗೆ... ಬಟ್ಟೆ ಅಂದ್ರೆ..." ಎನ್ನುತ್ತಾ ಸೆಂಗಾ ತಾನೂ ನಿಂತುಬಿಟ್ಟಳು. ಒಂದೇ ಸಮನೆ ಮಾತಾಡಿಕೊಂಡು ಏರಿದ್ದರ ಫಲ. ಪಕ್ಕದ ಅಂಗಡಿಯ ಗಾಜಿಗೆ ಕೈ ಊರಿದಳು. ಒಳಗೆ ಹೊಳೆಯುವ ಕಪ್ಪು ಸಮಾಧಿಗಲ್ಲುಗಳು ಸಾಲಾಗಿ ಕೂತಿದ್ದವು.

ಇಶ್‌ಬೆಲ್ ಕಲ್ಲುಗಳನ್ನು ನೋಡಿದಳು, ಸೆಂಗಾಳನ್ನು ನೋಡಿದಳು, ಏರಿನ ಕೆಳಗಿದ್ದವರನ್ನು ನೋಡಿದಳು. ಕಾದಳು. ಹಾಗೆ ಕಾದದ್ದಕ್ಕೇ ನನಗೆ ಅವಳ ಮೇಲೆ ಗೌರವ ಬಂತು.

ಸೆಂಗಾ ತುಟಿ ಚೂಪು ಮಾಡಿ ನಾಲ್ಕು ಸಲ ಊದಿದಳು. ಅವಳ ಮುಖದಲ್ಲಿ ಕುಸ್ತಿ ನಡೆಯುತ್ತಿತ್ತು. ಆಮೇಲೆ ಹೇಳಿದಳು:

"ಕಲ್ಲು ನೋಡ್ತಿಲ್ಲ ತಾಯಿ. ಉಸಿರು ಸಿಗ್ತಿಲ್ಲ. ನಿಮಗೆ ಹತ್ತು ಅಂತ ಬರೆದು ಕಳಿಸಿದ್ದೆ. ಸುಳ್ಳು. ಮೂರು. ಒಳ್ಳೇ ದಿನ ನಾಲ್ಕು."

"ಮೊದಲು ಎಷ್ಟಿತ್ತು? ಸಂಘಕ್ಕೆ ಮುಂಚೆ?"

"ಒಂದು. ಮನೆ ಬಾಗಿಲು ದಾಟ್ತಿರಲಿಲ್ಲ."

"ಅದನ್ನೇ ಅಲ್ವೇನ್ರೀ ನೀವು ಬರೀಬೇಕಾಗಿದ್ದು!" ಇಶ್‌ಬೆಲ್ ಹಣೆ ಚಚ್ಚಿಕೊಂಡಳು. "ಮಂಡಳೀಲಿ ಕೂರೋರು ಸೂಟುಬೂಟಿನ ಸಾಹೇಬರು ಅಂದ್ಕೊಂಡ್ರಾ? ಎಲ್ಲಾ ಕಾಯಿಲೆಯೋರೇ. ಒಬ್ಬರಿಗೆ ಸಂಧಿವಾತ, ಒಬ್ಬರಿಗೆ ಮೂರ್ಛೆ, ಒಬ್ಬರಿಗೆ ಸಕ್ಕರೆ. ಒಂಬತ್ತು, ಹತ್ತು ನೋಡಿ ಅವರಿಗೆ ಸಿಟ್ಟು ಬಂತು. ನಮಗೇ ಸುಳ್ಳು ಹೇಳ್ತಾರಲ್ಲ ಅಂತ."

ಸೆಂಗಾ ತಿರುಗಿದಳು. ಮುಷ್ಕರದ ಅಡುಗೆಮನೆಯಲ್ಲಿ ಮುನ್ನೂರು ಜನರನ್ನು ಸಾಲು ನಿಲ್ಲಿಸುತ್ತಿದ್ದ ಕಂಠ ಎಲ್ಲಿಂದಲೋ ಎದ್ದು ಬಂತು: "ಎಕ್! ಆ ಗೌನು ನಿನಗೆ ಒಪ್ಪಲ್ಲ! ಇಲ್ಲಿ ಬಂದು ನಿಜ ಹೇಳು!"

ಬೀದಿಗೆ ಬೀದಿಯೇ ತಿರುಗಿ ನೋಡಿತು. ಎಕ್ ಕೆಂಪಾದ. ಆದರೆ ಬಂದ, ಇಪ್ಪತ್ತು ಹೆಜ್ಜೆ, ನಿಂತು, ಮತ್ತೆ ಇಪ್ಪತ್ತು ಹೆಜ್ಜೆ. ಈ ಸಲ ಯಾವ ಗಾಜನ್ನೂ ನೋಡಲಿಲ್ಲ. ಬೀದಿಯ ನಡುಮಧ್ಯ ನಿಂತೇ ಏದುಸಿರು ಬಿಟ್ಟ.

"ಏನಂತ ಹೇಳಲಿ?"

"ಮೆಟ್ಟಿಲ ವಿಷಯ ಹೇಳು."

ಎಕ್ ಟೋಪಿ ತೆಗೆದ. "ನಮ್ಮನೇಲಿ ಹಾಸಿಗೆ ಮಹಡಿ ಮೇಲಿದೆ ಕಣಮ್ಮ. ಎರಡು ವರ್ಷ ನಾನು ಮೆಟ್ಟಿಲು ಹತ್ತಿರಲಿಲ್ಲ. ಕುರ್ಚೀಲೇ ಮಲಗ್ತಿದ್ದೆ. ಹೆಂಡತಿಗೆ ಟಿವಿ ನೋಡ್ತೀನಿ ಅಂತಿದ್ದೆ. ಈ ಏಪ್ರಿಲ್‌ನಲ್ಲಿ ಹತ್ತಿದೆ. ನಾಲ್ಕು ಮೆಟ್ಟಿಲು, ಊದೋದು, ನಾಲ್ಕು ಮೆಟ್ಟಿಲು, ಊದೋದು. ಇವಳು ಹೇಳಿಕೊಟ್ಟಂಗೆ. ಹೆಂಡತಿ ಎದ್ದು ನೋಡಿ, ಯಾರೋ ಕಳ್ಳ ಅಂತ ಕಿರುಚಿದ್ಲು."

ಇಶ್‌ಬೆಲ್ ಅಲ್ಲೇ, ಸಮಾಧಿಗಲ್ಲಿನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬರೆದುಕೊಳ್ಳತೊಡಗಿದಳು. ಉಳಿದವರು ಒಬ್ಬೊಬ್ಬರಾಗಿ ಕಿಟಕಿ ಬಿಟ್ಟು ಬಂದು ಸುತ್ತ ನಿಂತರು. ಒಬ್ಬ ಶುರುಮಾಡಿದ ಮೇಲೆ ಇನ್ನೊಬ್ಬನಿಗೆ ತಡೆಯಲಾಗಲಿಲ್ಲ. ನಂದು ಎರಡು! ನಂದೂ ಎರಡೇ, ನಾನು ಸ್ನಾನ ಮಾಡಿದ್ರೆ ಅವತ್ತಿಡೀ ಬೇರೆ ಕೆಲಸ ಆಗಲ್ಲ! ನೀನು ಸ್ನಾನ ಮಾಡೋದೇ ಅಪರೂಪ, ಸುಮ್ನಿರು! ನಲವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವರು ಸಂತೆಯ ವ್ಯಾಪಾರಿಗಳಂತೆ ಕೂಗುತ್ತಿದ್ದರು, ನಡುನಡುವೆ ಊದುತ್ತಿದ್ದರು. ಎಷ್ಟೋ ಸಭೆ, ಎಷ್ಟೋ ಮೆರವಣಿಗೆ ಕಂಡಿದ್ದೇನೆ. ನಮ್ಮೂರಿನವರು ತಮಗೆ ಏನು ಬೇಕು ಎಂದು ಇಷ್ಟು ನೇರವಾಗಿ ಕೇಳಿದ್ದನ್ನು ಮುಷ್ಕರವಾದ ಮೇಲೆ ಅಂದೇ ನೋಡಿದ್ದು.

ಭವನಕ್ಕೆ ತಲುಪುವಷ್ಟರಲ್ಲಿ ಚಹಾ ಆರಿಹೋಗಿತ್ತು. ಪ್ರಶ್ನಾವಳಿಗಳನ್ನು ಹೊಸದಾಗಿ ತುಂಬಿದೆವು, ಸಂಘಕ್ಕೆ ಮೊದಲು ಎಷ್ಟು, ಈಗ ಎಷ್ಟು, ಎರಡೆರಡು ಅಂಕ. ಬರೆಯುತ್ತ ಬರೆಯುತ್ತ ಎಫೀಯ ಕೆನ್ನೆಯ ಬಣ್ಣ ಕಣ್ಣೀರಿನಲ್ಲಿ ಕಲಸಿಹೋಯಿತು. "ಅಳ್ತಿಲ್ಲ ನಾನು," ಎಂದಳು, ಯಾರೂ ಕೇಳದಿದ್ದರೂ.

ಮೂರು ವಾರದ ಮೇಲೆ, ಮಂಗಳವಾರ, ಎಲ್ಲರೂ ಸೇರಿದ್ದಾಗಲೇ ಫೋನ್ ಬಂತು. ಸೆಂಗಾ ಕಿವಿಗೆ ಹಿಡಿದು ಕೇಳಿದಳು. ಹೂಂ, ಹೂಂ. ಮುಖದಲ್ಲಿ ಏನೂ ಕಾಣಲಿಲ್ಲ. ನಮ್ಮ ಪ್ರಾಣ ಹೋಗುತ್ತಿತ್ತು.

"ಏನಂತೆ? ಬೊಗಳೇ!" ಎಂದ ಎಕ್.

"ಎರಡು ವರ್ಷ," ಎಂದಳು ಸೆಂಗಾ. "ಕೇಳಿದ್ದಷ್ಟೂ. ಬಸ್ಸೂ ಸೇರಿ."

ಆಗ ಎದ್ದ ಗದ್ದಲವನ್ನು ಬರೆಯಲು ನನಗೆ ಬರುವುದಿಲ್ಲ. ಒಬ್ಬ ಸ್ನೂಕರ್ ಕೋಲನ್ನು ಬಾವುಟದಂತೆ ಬೀಸಿದ. ಎಕ್ ನನ್ನನ್ನು ಅಪ್ಪಿಕೊಂಡ. ಅರವತ್ತು ವರ್ಷದ ಪರಿಚಯದಲ್ಲಿ ಅದೇ ಮೊದಲು, ಇಬ್ಬರಿಗೂ ಮುಜುಗರವಾಯಿತು.

"ಒಂದು ಷರತ್ತಿದೆ," ಸೆಂಗಾ ಕೈ ಎತ್ತಿದಳು. "ಪಕ್ಕದ ಬ್ಲೇರ್‌ಮಿಲ್‌ನಲ್ಲಿ ಇನ್ನೊಂದು ಸಂಘ ಶುರುಮಾಡಬೇಕಂತೆ. ಅದನ್ನ ನಾನು ನಡೆಸಂಗಿಲ್ಲ. ಬೇರೆ ಸದಸ್ಯರೇ ನಡೆಸಬೇಕಂತೆ. ನಾನು ಸತ್ರೆ ಎಲ್ಲ ನಿಂತುಹೋಗಬಾರದಂತೆ." ಆ ಮಾತು ಅವಳಿಗೆ ಚುಚ್ಚಿತ್ತು. ಅದು ಸರಿಯಾದ ಮಾತು ಎಂಬುದೂ ಗೊತ್ತಿತ್ತು. "ಯಾರು ಮಾಡ್ತೀರಿ?"

ಇಷ್ಟು ಹೊತ್ತು ಕುಣಿದವರೆಲ್ಲ ಬೂಟು ನೋಡತೊಡಗಿದರು.

ಮೂಲೆಯಲ್ಲಿ ಚಕ್ರ ಕಿರ್ರೆಂದಿತು. ಎಫೀ ಗಾಡಿ ಎಳೆದುಕೊಂಡು ಕೋಣೆಯ ನಡುವೆ ಬಂದಳು.

"ನಾನು ನಡೆಸ್ತೀನಿ. ಬ್ಲೇರ್‌ಮಿಲ್ ನನ್ನ ತವರು, ಅಲ್ಲಿ ಯಾರ್ಯಾರು ಬಾಗಿಲು ಹಾಕ್ಕೊಂಡು ಕೂತಿದಾರೆ ಅಂತ ನಂಗೊತ್ತು. ಆದ್ರೆ ನಿನ್ನಂಗೆ ಅರಚಲ್ಲ ಸೆಂಗಾ."

"ಅರಚದೆ ಹೆಂಗೇ ನಡೆಸ್ತೀಯ?"

"ಈ ಕೊಳವೆ ಹಾಕ್ಕೊಂಡು ಅವರ ಬಾಗಿಲು ತಟ್ಟಿದ್ರೆ ಸಾಕು. ನನ್ನ ಮುಖ ನೋಡಿ ಯಾವನು ಆಗಲ್ಲ ಅಂತಾನೋ ನೋಡೇಬಿಡ್ತೀನಿ. ಬಸ್ಸು ಯಾವತ್ತು ಬರುತ್ತೆ?"

"ಸೋಮವಾರ."

"ಹಾಗಾದ್ರೆ ಸೋಮವಾರ," ಎಂದು ಎಫೀ ಅಲ್ಲೇ ಕುರ್ಚಿ ಎಳೆದುಕೊಂಡು, ಬ್ಲೇರ್‌ಮಿಲ್‌ನ ಹೆಸರುಗಳನ್ನು ಬರೆಯಲು ಎಕ್‌ನ ಜೇಬಿನಿಂದ ಪೆನ್ನು ಕಿತ್ತುಕೊಂಡಳು.